ಸಂಚಾರದ ಮರುದಿನ ತರಗತಿಯಲ್ಲಿ ಏನಾಯಿತು: ನಮ್ಮೂರಿನ ಶಾಲೆಯೊಂದರ ಹೊರಕಲಿಕೆ ಕಾರ್ಯಕ್ರಮದ ವಿಮರ್ಶೆ

ನನ್ನ ಮಗಳು ಕಳೆದ ಸಾಲಿನಲ್ಲಿ ಚಿಕ್ಕಬಳ್ಳಾಪುರ ಪಟ್ಟಣದ ಒಂದು ಖಾಸಗಿ ಶಾಲೆಯಲ್ಲಿ ನಾಲ್ಕನೇ ತರಗತಿ ಓದಿದಳು. ಆ ಶಾಲೆಯವರು ಜೂನ್ ತಿಂಗಳಲ್ಲೇ ಬೋಧನಾ ಶುಲ್ಕದ ಜೊತೆಗೆ ‘ಹೊರಕಲಿಕೆ’ ಎಂಬ ಬಾಬ್ತಿನಲ್ಲಿ 5,800 ರೂಪಾಯಿಗಳನ್ನು ಪ್ರತ್ಯೇಕವಾಗಿ ಕಟ್ಟಿಸಿಕೊಂಡರು. ಆರು ಹೊರಸಂಚಾರ, ಎರಡು ಸಮುದಾಯ ಚಟುವಟಿಕೆ ಮತ್ತು ತರಗತಿಯಲ್ಲಿ ಮಾಡುವ ನಾಲ್ಕು ಯೋಜನಾ ಕಾರ್ಯಗಳು ಈ ಹಣಕ್ಕೆ ಸಿಗುತ್ತವೆಂದು ರಸೀದಿಯ ಜೊತೆ ಕೊಟ್ಟ ಬಣ್ಣದ ಹಾಳೆಯಲ್ಲಿ ಮುದ್ರಿಸಿದ್ದರು. ಅದೇ ಹಾಳೆಯಲ್ಲಿ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಹತ್ತು ‘ಚೀಲರಹಿತ ದಿನ’ಗಳ ಪ್ರಸ್ತಾಪವೂ ಇತ್ತು. ಆ ಹತ್ತು ದಿನಗಳನ್ನು ನೀತಿಯಲ್ಲಿ ಹೇಳಿರುವುದು ಆರರಿಂದ ಎಂಟನೇ ತರಗತಿಯ ಮಕ್ಕಳಿಗಾಗಿ, ನಾಲ್ಕನೆಯವರಿಗಲ್ಲ. ಆದರೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುತ್ತೇವೆ ಎನ್ನುವವರ ಮೇಲೆ ಈ ಕಾರಣಕ್ಕೆ ತಕರಾರು ತೆಗೆಯುವುದು ಸರಿಯಲ್ಲವೆಂದು ಆಗ ಸುಮ್ಮನಿದ್ದೆ. ವರ್ಷ ಮುಗಿದಿದೆ, ಮುಂದಿನ ವರ್ಷದ ಅರ್ಜಿ ಮನೆಗೆ ಬಂದಿದೆ. ಮಕ್ಕಳನ್ನು ಇಂಥ ಕಾರ್ಯಕ್ರಮಕ್ಕೆ ಸೇರಿಸಬೇಕೇ ಎಂದು ಪರಿಚಯದ ಪೋಷಕರು ಮೇಲಿಂದ ಮೇಲೆ ಕೇಳುತ್ತಿರುವುದರಿಂದ, ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದೇನೆ.

ಮೊದಲ ಸಂಚಾರ ಕಂದವಾರ ಕೆರೆಗೆ. ಪಟ್ಟಣದ ಅಂಚಿನಲ್ಲೇ ಇರುವ ಕೆರೆ, ಬಸ್ಸಿನಲ್ಲಿ ಹತ್ತು ನಿಮಿಷವೂ ಹಿಡಿಯುವುದಿಲ್ಲ, ಪ್ರತಿ ಭಾನುವಾರ ನಾವೇ ಆ ಏರಿಯ ಮೇಲೆ ಹೋಗಿಬರುತ್ತೇವೆ, ಇದಕ್ಕೆ ಹಣ ಕೊಡಬೇಕೇ ಎಂದು ಮನೆಯಲ್ಲಿ ಗೊಣಗಿದವನು ನಾನೇ. ಆದರೆ ತರಗತಿಯ ಶಿಕ್ಷಕಿ ಹೋಗುವ ಮುನ್ನವೇ ಒಂದು ಕೆಲಸ ಮಾಡಿದ್ದರು. ಮನೆಯ ನಲ್ಲಿಯಲ್ಲಿ ವಾರದಲ್ಲಿ ಯಾವ ದಿನ ನೀರು ಬರುತ್ತದೆ, ಎಷ್ಟು ಹೊತ್ತು ಬರುತ್ತದೆ, ಆ ನೀರು ಎಲ್ಲಿಂದ ಬರುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಬರೆಸಿ, ಉತ್ತರವನ್ನು ಮನೆಯವರಲ್ಲಿ ಕೇಳಿಕೊಂಡು ಬರಲು ಹೇಳಿದ್ದರು. ಮೂರನೆಯ ಪ್ರಶ್ನೆಗೆ ಹೆಚ್ಚಿನ ಮಕ್ಕಳು ‘ಟ್ಯಾಂಕಿನಿಂದ’ ಎಂದು ಬರೆದರು. ನಮ್ಮ ಮನೆಯಿಂದ ಹೋದ ಉತ್ತರವೂ ಅದೇ. ಪಟ್ಟಣಕ್ಕೆ ಕುಡಿಯುವ ನೀರು ಜಕ್ಕಲಮಡುಗು ಜಲಾಶಯದಿಂದ ಬರುತ್ತದೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ, ಮಗು ಕೇಳಿದಾಗ ಅಷ್ಟು ದೂರ ಯೋಚಿಸಬೇಕು ಎಂದು ಹೊಳೆಯಲಿಲ್ಲ.

ಕೆರೆಯ ಬಳಿ ಅವರು ಕಳೆದದ್ದು ಎರಡು ಗಂಟೆ. ಏರಿ ಯಾವುದು, ತೂಬು ಎಲ್ಲಿದೆ, ಕೋಡಿ ಬಿದ್ದರೆ ನೀರು ಯಾವ ಕಡೆಗೆ ಹರಿಯುತ್ತದೆ, ಅಚ್ಚುಕಟ್ಟು ಎಂದರೆ ಏನು ಎಂಬುದನ್ನು ಪುಸ್ತಕ ತೆರೆಯದೆ, ಆಯಾ ಜಾಗದಲ್ಲಿ ನಿಂತು ಹೇಳಿಕೊಟ್ಟರು. ಒಂದು ಕಾಲದಲ್ಲಿ ತೂಬು ಎತ್ತಿ ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುತ್ತಿದ್ದ ನೀರುಗಂಟಿಯ ಮನೆತನದ ಹಿರಿಯರೊಬ್ಬರನ್ನು ಕರೆಸಿ ಮಾತನಾಡಿಸಿದರು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಈಗ ಕೆರೆಯೊಳಗೆ ನೀರು ನಿಂತಿರುವುದಕ್ಕೆ ಕಾರಣ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೊಳವೆಯಲ್ಲಿ ಇಲ್ಲಿಗೆ ಹರಿಸುತ್ತಿರುವುದು ಎಂದು ಶಿಕ್ಷಕಿ ವಿವರಿಸಿದಾಗ, ಒಬ್ಬ ಹುಡುಗ ಎದ್ದು ನಿಂತು, “ಮಿಸ್, ಹಾಗಾದ್ರೆ ಬೆಂಗಳೂರಲ್ಲಿ ನಮ್ಮತ್ತೆ ಪಾತ್ರೆ ತೊಳೆದ ನೀರು ಇಲ್ಲಿಗೆ ಬರುತ್ತಾ?” ಎಂದು ಕೇಳಿದನಂತೆ. ಬರುತ್ತದೆ ಎಂದು ಅವರು ಉತ್ತರಿಸಿದ್ದಾರೆ. ಮರುದಿನ ತರಗತಿಯಲ್ಲಿ ಆ ಪ್ರಶ್ನೆಯನ್ನೇ ಹಿಡಿದುಕೊಂಡು, ಅತ್ತೆಯ ಅಡುಗೆಮನೆಯಿಂದ ಹೊರಟ ನೀರು ಚರಂಡಿ, ಸಂಸ್ಕರಣಾ ಘಟಕ, ಪಂಪ್, ಕೊಳವೆ, ಕೆರೆ ಎಂದು ಸಾಗಿ, ನೆಲದೊಳಗೆ ಇಂಗಿ, ಕೊನೆಗೆ ಅಜ್ಜಿಯ ತೋಟದ ಬೋರ್‌ವೆಲ್ಲಿನಲ್ಲಿ ಮೇಲೆ ಬರುವವರೆಗಿನ ದಾರಿಯನ್ನು ಮಕ್ಕಳಿಂದ ಉದ್ದನೆಯ ಹಾಳೆಯ ಮೇಲೆ ಬರೆಸಿದರು. ಆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿದರೆ ಸಾಲದು, ಮೂರನೇ ಹಂತವೂ ಬೇಕು ಎಂದು ನಮ್ಮ ಜಿಲ್ಲೆಯಲ್ಲಿ ನಡೆದಿರುವ ಹೋರಾಟದ ವಿಷಯವನ್ನು ಮಾತ್ರ ಅವರು ಎತ್ತಲಿಲ್ಲ. ಒಂಬತ್ತು ವರ್ಷದವರಿಗೆ ಅದು ಅರ್ಥವಾಗುತ್ತಿತ್ತು ಎಂದೇ ನನ್ನ ಅಭಿಪ್ರಾಯ. ಅತ್ತೆಯ ಪಾತ್ರೆಯ ಪ್ರಶ್ನೆ ಕೇಳಿದ ಹುಡುಗನಿಗಂತೂ ಖಂಡಿತ ಆಗುತ್ತಿತ್ತು.

ಇಡೀ ವರ್ಷದ ಶುಲ್ಕಕ್ಕೆ ನ್ಯಾಯ ಒದಗಿಸಿದ್ದು ಶಿಡ್ಲಘಟ್ಟದ ಕಡೆಗಿನ ರೇಷ್ಮೆ ಸಂಚಾರ. ನಾನು ರೇಷ್ಮೆ ಮನೆತನದವನು, ನಮ್ಮ ಊರಿನ ಮನೆಯ ಅಟ್ಟದಲ್ಲಿ ಇಂದಿಗೂ ಹುಳುಗಳನ್ನು ಗೂಡು ಕಟ್ಟಲು ಬಿಡುವ ನಾಲ್ಕು ಹಳೆಯ ಬಿದಿರಿನ ಚಂದ್ರಿಕೆಗಳಿವೆ. ಆದ್ದರಿಂದ ಈ ಭಾಗದಲ್ಲಿ ನನ್ನ ಮಾತು ಸ್ವಲ್ಪ ಉದ್ದವಾದರೆ ಓದುಗರು ಸಹಿಸಿಕೊಳ್ಳಬೇಕು.

ಆ ದಿನ ಆರಂಭವಾದದ್ದೇ ಎಡವಟ್ಟಿನಿಂದ. ಶಾಲೆಯವರು ಎಲ್ಲ ಸಂಚಾರಗಳಿಗೂ ಒಂದೇ ಸುತ್ತೋಲೆಯನ್ನು ದಿನಾಂಕ ಬದಲಿಸಿ ಕಳುಹಿಸುತ್ತಾರೆ. ಅದರಲ್ಲಿ ‘ಮಕ್ಕಳಿಗೆ ಸೊಳ್ಳೆ ಕ್ರೀಮ್ ಹಚ್ಚಿ ಕಳುಹಿಸತಕ್ಕದ್ದು’ ಎಂಬ ಸಾಲು ಸದಾ ಇರುತ್ತದೆ. ಹುಳು ಮನೆಯ ಬಾಗಿಲಲ್ಲಿ ನಿಂತ ರೈತ, ಮಕ್ಕಳು ಹತ್ತಿರ ಬರುತ್ತಿದ್ದಂತೆ ಕ್ರೀಮಿನ ವಾಸನೆ ಹಿಡಿದು, ಕೈ ಅಡ್ಡ ಹಾಕಿ, “ಮೇಡಂ, ಒಬ್ರೂ ಒಳಗೆ ಬರ್ಬಾರ್ದು, ನನ್ನ ಬೆಳೆ ಹೋಗ್ತದೆ” ಎಂದರು. ನಲವತ್ತೆರಡು ಮಕ್ಕಳು ತೊಟ್ಟಿಯ ಬಳಿ ಸಾಲಾಗಿ ನಿಂತು ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಬಾಗಿಲ ಬಳಿ ಹಾಸಿದ್ದ ಬ್ಲೀಚಿಂಗ್ ಪುಡಿಯ ನೀರಿನ ಚೀಲದ ಮೇಲೆ ಕಾಲಿಟ್ಟು ಒಳಗೆ ಹೋಗುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆಯಿತು. ಶಿಕ್ಷಕಿಗೆ ಮುಜುಗರವಾಗಿರಬೇಕು, ಆದರೂ ಅವರು ಸಮಯವನ್ನು ವ್ಯರ್ಥವಾಗಲು ಬಿಡಲಿಲ್ಲ. ಸೊಳ್ಳೆಯನ್ನು ಓಡಿಸುವ ಔಷಧಿ ರೇಷ್ಮೆ ಹುಳುವಿಗೂ ಏಕೆ ಆಗದು, ಹುಳು ಮನೆಯ ಕಿಟಕಿಗಳಿಗೆ ಬಲೆ ಏಕೆ ಹಾಕಿರುತ್ತಾರೆ, ಹುಳುವಿನ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ಒಳಗೆ ನುಗ್ಗಿದರೆ ಏನಾಗುತ್ತದೆ ಎಂಬುದನ್ನೆಲ್ಲ ಆ ಸಾಲಿನಲ್ಲಿ ನಿಂತಿದ್ದಾಗಲೇ ರೈತರ ಬಾಯಿಂದ ಹೇಳಿಸಿದರು. ಮೂರು ಜನ ಪೋಷಕರು ಸಹಾಯಕ್ಕೆಂದು ಜೊತೆಗೆ ಹೋಗಿದ್ದೆವು. ಅವರಲ್ಲಿ ಸೆಂಟು ಹಾಕಿಕೊಂಡಿದ್ದ ಒಬ್ಬರು ಕೊನೆಯವರೆಗೂ ಹೊರಗಿನ ಹುಣಸೆಮರದ ಕೆಳಗೇ ಕುಳಿತಿರಬೇಕಾಯಿತು.

ಒಳಗೆ ನಾಲ್ಕನೇ ಜ್ವರ ಎದ್ದ ಹುಳುಗಳು ತಟ್ಟೆಗಳಲ್ಲಿದ್ದವು. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಪೊರೆ ಬಿಡುವ ಮೊದಲು ಮೇವು ಬಿಟ್ಟು ತಲೆ ಎತ್ತಿ ಅಲುಗಾಡದೆ ಮಲಗುತ್ತದೆ, ಆ ಸ್ಥಿತಿಯನ್ನೇ ನಮ್ಮ ಕಡೆಯವರು ಜ್ವರ ಎನ್ನುತ್ತಾರೆ. “ಡೋಲೋ ಕೊಡ್ತೀರಾ ಅಂಕಲ್?” ಎಂದು ಒಂದು ಹುಡುಗಿ ಕೇಳಿದಾಗ ರೈತರು ನಗಲಿಲ್ಲ, ಸುಣ್ಣದ ಪುಡಿ ಉದುರಿಸುತ್ತೇವೆ, ಹಾಸಿಗೆ ಒಣಗಿರಬೇಕು, ಜ್ವರದಲ್ಲಿರುವವರಿಗೆ ತಿನ್ನಿಸಲು ಹೋಗಬಾರದು ಎಂದು ಗಂಭೀರವಾಗಿಯೇ ಉತ್ತರಿಸಿದರು. ಅವರು ಒಟ್ಟು “ನೂರು ಮೊಟ್ಟೆ” ಮೇಯಿಸುತ್ತಿದ್ದೇವೆ ಎಂದದ್ದನ್ನು ಮಕ್ಕಳು ಮೊದಲು ನಂಬಲಿಲ್ಲ, ಏಕೆಂದರೆ ಒಂದು ತಟ್ಟೆಯಲ್ಲೇ ನೂರಕ್ಕಿಂತ ಹೆಚ್ಚು ಹುಳುಗಳು ಕಾಣುತ್ತಿದ್ದವು. ರೈತರ ಲೆಕ್ಕದಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಇಡೀ ಗುಂಪು, ಅದರಲ್ಲಿ ಸುಮಾರು ನಾಲ್ಕುನೂರ ಐವತ್ತು ಇರುತ್ತವೆ ಎಂದು ತಿಳಿದ ಮೇಲೆ, ಅಲ್ಲೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುಣಾಕಾರ ನಡೆದು 45,000 ಎಂಬ ಉತ್ತರ ಬಂತು. ಪುಸ್ತಕದ ಲೆಕ್ಕದಲ್ಲಿ ಸೊನ್ನೆಗಳನ್ನು ಸದಾ ತಪ್ಪಾಗಿ ಬರೆಯುವ ನನ್ನ ಮಗಳು ಆ ಸೊನ್ನೆಗಳನ್ನು ಸರಿಯಾಗಿ ಬರೆದಳು.

ಇನ್ನೊಂದು ಸಂಗತಿಯನ್ನು ಶಾಲೆಯವರು ತಮ್ಮ ವರದಿಯಲ್ಲಿ ಬರೆದುಕೊಂಡಿಲ್ಲ, ಬಹುಶಃ ಗಮನಿಸಲೂ ಇಲ್ಲ. ಆ ಮನೆಯ ಹೆಂಗಸಿಗೆ ಕನ್ನಡ ಅರ್ಥವಾಗುತ್ತದೆ, ಮಾತು ಮಾತ್ರ ತೆಲುಗಿನಲ್ಲಿ. ಸೊಪ್ಪು ಕತ್ತರಿಸುತ್ತಾ ಅವರು ಸೊಪ್ಪಿಗೆ ಆಕು, ಹುಳುವಿಗೆ ಪುರುಗು ಎಂದು ವಿವರಿಸುತ್ತಿದ್ದರೆ ಹೆಚ್ಚಿನ ಮಕ್ಕಳು ಮಿಸ್ ಮುಖ ನೋಡಿದರು, ಶಿಕ್ಷಕಿಯೋ ಮೈಸೂರಿನ ಕಡೆಯವರು. ಆಗ ಹಿಂದಿನ ಸಾಲಿನಿಂದ ಬಾಗೇಪಲ್ಲಿ ಮೂಲದ ಇಬ್ಬರು ಮಕ್ಕಳು ಮುಂದೆ ಬಂದು ವಾಕ್ಯ ವಾಕ್ಯವನ್ನೂ ಕನ್ನಡಕ್ಕೆ ತಿರುಗಿಸಿ ಹೇಳತೊಡಗಿದರು. ಶಾಲೆಯಲ್ಲಿ ಮನೆಮಾತು ಆಡಿದ್ದಕ್ಕೆ ಹೆಸರು ಬರೆಸಿಕೊಳ್ಳುವ ಮಕ್ಕಳು ಅವರು. ಅರ್ಧ ಗಂಟೆ ಅವರಿಲ್ಲದೆ ಪಾಠ ಮುಂದೆ ಹೋಗಲಿಲ್ಲ.

ಅಲ್ಲಿಂದ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋದರು. ಜಾಲರಿಗಳಲ್ಲಿ ಸುರಿದ ಗೂಡು, ಲಾಟ್ ಸಂಖ್ಯೆ, ಮೊಬೈಲ್ ಹಿಡಿದು ಓಡಾಡುತ್ತಾ ಇ–ಹರಾಜಿನಲ್ಲಿ ಬೆಲೆ ಕೂಗುವ, ನೂಲು ಬಿಚ್ಚಿಸುವ ರೀಲರ್‌ಗಳು, ಇವನ್ನೆಲ್ಲ ನೋಡುವುದೇನೋ ಸರಿ. ಆದರೆ ವಹಿವಾಟಿನ ಹೊತ್ತಿನಲ್ಲಿ ನಲವತ್ತೆರಡು ಮಕ್ಕಳ ಸಾಲು ಅಡ್ಡ ಬಂದದ್ದು ಯಾರಿಗೂ ಹಿತವಾಗಲಿಲ್ಲ, ಇಪ್ಪತ್ತೇ ನಿಮಿಷಕ್ಕೆ ಹೊರಗೆ ಬಂದರು. ತರಗತಿಯನ್ನು ಎರಡು ತಂಡ ಮಾಡಿ ಬೇರೆ ಬೇರೆ ದಿನ ಕರೆತರಬೇಕಿತ್ತು. ನೂಲು ಬಿಚ್ಚುವ ಘಟಕದಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ನಿಂತರು. ಬಿಸಿನೀರಿನ ಬೋಗುಣಿಯಲ್ಲಿ ಬೆಂದ ಗೂಡುಗಳಿಂದ ಕೆಲಸಗಾರ್ತಿಯೊಬ್ಬರು ಬೆರಳ ತುದಿಯಲ್ಲಿ ಎಳೆ ಹುಡುಕಿ, ಏಳೆಂಟು ಎಳೆಗಳನ್ನು ಒಟ್ಟು ಸೇರಿಸಿ ಒಂದು ನೂಲು ಮಾಡುವುದನ್ನು ಮಕ್ಕಳು ಹತ್ತಿರದಿಂದ ನೋಡಿದರು. ಅಲ್ಲಿಯ ವಾಸನೆಗೆ ಇಬ್ಬರು ವಾಂತಿ ಮಾಡಿಕೊಂಡರು. ಒಳಗಿದ್ದ ಹುಳು ಏನಾಯಿತು ಎಂಬ ಪ್ರಶ್ನೆಯೂ ಬಂತು. ಸತ್ತುಹೋಯಿತು, ಸಾಯಿಸದಿದ್ದರೆ ಅದು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ಆಗ ಎಳೆ ತುಂಡಾಗುತ್ತದೆ ಎಂದು ಶಿಕ್ಷಕಿ ಮುಚ್ಚುಮರೆಯಿಲ್ಲದೆ ಹೇಳಿದರು. ಬಸ್ಸಿನಲ್ಲಿ ಬರುವಾಗ ಮಕ್ಕಳ ಗದ್ದಲ ಎಂದಿಗಿಂತ ಕಡಿಮೆಯಿತ್ತು. ಆ ರಾತ್ರಿ ಮಗಳು ನನ್ನ ಹೆಂಡತಿಯ ಮದುವೆ ಸೀರೆಯಲ್ಲಿ ಎಷ್ಟು ಗೂಡು ಇರಬಹುದು ಎಂದು ಕೇಳಿದಳು, ನಾನು ಸಾವಿರಗಟ್ಟಲೆ ಎಂದೆ. ಮಗಳು ಹಾಗೆಂದು ಸೀರೆ ಉಡಬಾರದು ಎನ್ನಲಿಲ್ಲ, ಉಟ್ಟುಕೊಳ್ಳಲಿ ಎಂದೂ ಹೇಳಲಿಲ್ಲ.

ಈ ಸಂಚಾರ ಅಲ್ಲಿಗೇ ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಮುಂದಿನ ವಾರ ಎರಡನೇ ಜ್ವರ ಎದ್ದ ಇನ್ನೂರು ಚಾಕಿ ಹುಳುಗಳು, ಅಂದರೆ ಎಳೆಯ ಹುಳುಗಳು, ತರಗತಿಗೆ ಬಂದವು, ಹಿಪ್ಪುನೇರಳೆ ಸೊಪ್ಪನ್ನು ಒಬ್ಬ ವಿದ್ಯಾರ್ಥಿಯ ಮನೆಯವರು ದಿನವೂ ಕಳುಹಿಸಿದರು. ಆರು ತಂಡ, ಆರು ತಟ್ಟೆ, ಪ್ರತಿ ತಂಡಕ್ಕೂ ಒಂದು ದಿನಚರಿ. ಬೆಳಿಗ್ಗೆ ಹುಳುವಿನ ಉದ್ದವನ್ನು ಅಳೆದು ಬರೆಯುವುದು, ಹಾಕಿದ ಸೊಪ್ಪನ್ನು ತೂಕ ಮಾಡಿ ಬರೆಯುವುದು, ಸತ್ತವುಗಳನ್ನು ಎಣಿಸುವುದು. ಭಾನುವಾರ ಮೇವು ಹಾಕುವವರು ಯಾರು ಎಂಬ ಪ್ರಶ್ನೆಯನ್ನು ಶಾಲೆಯ ಆಡಳಿತ ಯೋಚಿಸಿರಲೇ ಇಲ್ಲ, ಹತ್ತಿರದಲ್ಲೇ ಮನೆಯಿರುವ ಆಯಾ ಕೇಳುವವರಿಲ್ಲದಿದ್ದರೂ ಬಂದು ಹಾಕಿಹೋದರು. ಒಂದು ಮಳೆಯ ದಿನ ಒದ್ದೆ ಸೊಪ್ಪನ್ನು ಒರೆಸದೆ ಹಾಕಿದ ನಾಲ್ಕನೇ ತಂಡದ ತಟ್ಟೆಯ ಹುಳುಗಳು ಸಪ್ಪೆ ರೋಗ ಬಂದು ಮೂರು ದಿನದಲ್ಲಿ ಸತ್ತವು. ನನ್ನ ಮಗಳು ಇದ್ದದ್ದು ಆ ತಂಡದಲ್ಲೇ. ಊಟ ಬಿಟ್ಟಳು. ಶಿಕ್ಷಕಿ ಬೇರೆ ಹುಳು ತಂದುಕೊಡುವ ಬದಲು, ಏನಾಯಿತು ಎಂದು ತಿಳಿದುಕೊಳ್ಳಲು ಆ ರೈತರಿಗೆ ತಂಡದವರಿಂದಲೇ ಫೋನ್ ಮಾಡಿಸಿದರು, ಅವರು ಹೇಳಿದ್ದನ್ನು ದಿನಚರಿಯಲ್ಲಿ ಬರೆಸಿದರು. ಉಳಿದ ಐದು ತಟ್ಟೆಗಳ ಹುಳುಗಳು ಏಳು ಸೆಂಟಿಮೀಟರ್ ಬೆಳೆದು, ಹಣ್ಣಾಗಿ, ನಮ್ಮ ಅಟ್ಟದಿಂದ ನಾನೇ ಇಳಿಸಿ ಕೊಟ್ಟ ಚಂದ್ರಿಕೆಯ ಮೇಲೆ ಗೂಡು ಕಟ್ಟಿದವು.

ಕೊನೆಗೆ ಒಂದು ಗೂಡನ್ನು ಬೇಯಿಸಿ, ಒಂದು ಸುತ್ತಿಗೆ 25 ಸೆಂಟಿಮೀಟರ್ ಹಿಡಿಯುವ ರಟ್ಟಿನ ಮೇಲೆ ಎಳೆಯನ್ನು ಸುತ್ತಿದರು. ಮೂರು ಸಲ ತುಂಡಾಯಿತು. ಮೂರನೆಯ ಸಲ ತುಂಡಾದಾಗ ಕೈಬಿಟ್ಟರು. ಎಣಿಕೆ 1,340 ಸುತ್ತು, ಅಂದರೆ 335 ಮೀಟರ್. ಒಳ್ಳೆಯ ದ್ವಿತಳಿ ಗೂಡಿನ ಎಳೆ ಸಾವಿರ ಮೀಟರನ್ನೂ ಮೀರುತ್ತದೆ ಎಂದು ಕೇಳಿದ್ದ ಮಕ್ಕಳಿಗೆ ನಿರಾಸೆಯಾಯಿತು. ಉಳಿದದ್ದು ಎಲ್ಲಿ ಹೋಯಿತು ಎಂದು ಶಿಕ್ಷಕಿ ಅವರನ್ನೇ ಕೇಳಿ, ಎಳೆ ಸಿಗುವ ಮೊದಲು ಕಿತ್ತೆಸೆದ ಮೇಲಿನ ಜೂಲು, ತುಂಡಾದಾಗ ಕಳೆದುಕೊಂಡದ್ದು, ಬಿಚ್ಚದೆ ಉಳಿದ ಒಳಪದರ, ನಮ್ಮದು ಎಳೆ ಅಷ್ಟು ಉದ್ದವಿರದ ಮಿಶ್ರತಳಿ ಗೂಡು ಎಂಬ ಕಾರಣ, ಹೀಗೆ ಹಲಗೆ ತುಂಬ ಬರೆಸಿದರು. ಮಗಳ ಪರಿಸರ ಅಧ್ಯಯನದ ಟಿಪ್ಪಣಿ ಪುಸ್ತಕದಲ್ಲಿ ಇಡೀ ವರ್ಷದಲ್ಲಿ ಅತಿ ಹೆಚ್ಚು ಕಾಟು ಹೊಡೆದು ತಿದ್ದಿರುವ ಪುಟ ಅದು.

ಇದೇ ಶಾಲೆ, ಇದೇ ತರಗತಿ ಸೆಪ್ಟೆಂಬರಿನಲ್ಲಿ ಮುದ್ದೇನಹಳ್ಳಿಗೆ ಹೋಗಿ ಬಂದ ಬಗೆಯನ್ನು ನೋಡಿದರೆ ಬೇರೆಯೇ ಸಂಸ್ಥೆ ಎನಿಸುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನವಾದ ಸೆಪ್ಟೆಂಬರ್ 15ರಂದೇ ಹೋಗಬೇಕೆಂಬ ಹಟಕ್ಕೆ, ಜಿಲ್ಲೆಯ ಅರ್ಧದಷ್ಟು ಶಾಲೆಗಳು ಬಂದು ನೆರೆದಿದ್ದ ಜಾಗಕ್ಕೆ ಕರೆದೊಯ್ದರು. ಆ ದಿನ ತರಗತಿ ಶಿಕ್ಷಕಿ ರಜೆಯಲ್ಲಿದ್ದರು. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆಯನ್ನೇ ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡಿದ್ದಾರೆ, ಸಮಾಧಿಯೂ ಅದೇ ಊರಿನಲ್ಲಿದೆ, ನಿಧಾನವಾಗಿ ನೋಡಿದರೆ ಮಗುವಿಗೆ ಹೇಳಲು ಬೇಕಾದಷ್ಟಿದೆ. ಸಿಕ್ಕಿದ ನಲವತ್ತು ನಿಮಿಷದಲ್ಲಿ ಮಕ್ಕಳು ಮಾಡಿದ್ದು ಫಲಕಗಳ ಮೇಲಿದ್ದದ್ದನ್ನು ಪುಸ್ತಕಕ್ಕೆ ಇಳಿಸಿಕೊಂಡದ್ದು. ಮೈಸೂರಿನ ದಿವಾನರು 1912ರಿಂದ 1918, ಭಾರತರತ್ನ 1955 ಎಂದು ಮಗಳ ಪುಸ್ತಕದಲ್ಲಿ ಸರಿಯಾಗಿಯೇ ಇದೆ. ‘ಸ್ವಯಂಚಾಲಿತ ದ್ವಾರ, ಖಡಕ್‌ವಾಸ್ಲಾ, 1903’ ಎಂಬ ಸಾಲೂ ಇದೆ. ಅದೇನೆಂದು ಕೇಳಿದರೆ ಆಕೆಗೆ ಗೊತ್ತಿಲ್ಲ. ಮೂರು ತಿಂಗಳ ಹಿಂದೆ ಕಂದವಾರದ ತೂಬಿನ ಮುಂದೆ ನಿಂತು, ನೀರುಗಂಟಿ ಅದನ್ನು ಕೈಯಿಂದ ಎತ್ತುತ್ತಿದ್ದ ಬಗೆಯನ್ನು ಕೇಳಿಸಿಕೊಂಡು ಬಂದ ಮಗು ಅದು. ನೀರು ಏರಿದಾಗ ತಾನಾಗಿಯೇ ತೆರೆದುಕೊಂಡು, ಇಳಿದಾಗ ತಾನಾಗಿಯೇ ಮುಚ್ಚಿಕೊಳ್ಳುವ ಬಾಗಿಲನ್ನು ನಮ್ಮ ಪಕ್ಕದ ಊರಿನಲ್ಲಿ ಹುಟ್ಟಿದವರು ಮಾಡಿದರು ಎಂದು ಒಂದು ಮಾತು ಸೇರಿಸಿದ್ದರೆ ಸಾಕಾಗಿತ್ತು. ಮರುದಿನ ತರಗತಿಯಲ್ಲಿ ಏನೂ ನಡೆಯಲಿಲ್ಲ. ಶಾಲೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತ್ರ ಅರುವತ್ತೊಂದು ಫೋಟೋಗಳು ಬಂದವು.

ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಸಂಚಾರದ ಬಗ್ಗೆ ಹೇಳಲು ಹೆಚ್ಚಿಲ್ಲ. ಕಲ್ಯಾಣಿಯ ಮೆಟ್ಟಿಲುಗಳನ್ನು ಎಣಿಸಿದರು, ಕಲ್ಲಿನ ಕಂಬಗಳ ಕೆತ್ತನೆಯನ್ನು ಹಾಳೆಯ ಮೇಲೆ ಪೆನ್ಸಿಲ್ ಉಜ್ಜಿ ಇಳಿಸಿಕೊಂಡರು, ಪುಳಿಯೋಗರೆ ತಿಂದು ಬಂದರು. ಸಮುದಾಯ ಚಟುವಟಿಕೆ ಎಂದು ಲೆಕ್ಕಕ್ಕೆ ಹಿಡಿದ ಕಲ್ಯಾಣಿ ಸ್ವಚ್ಛತೆಯೂ ಅದೇ ದಿನ ಅಲ್ಲೇ ನಡೆಯಿತು. ಹಿಂದಿನ ದಿನವೇ ಗುಡಿಸಿದ್ದ ಜಾಗವನ್ನು ಹೊಸ ಪೊರಕೆ ಹಿಡಿದು ಐದು ನಿಮಿಷ ಮತ್ತೆ ಗುಡಿಸಿದ್ದಕ್ಕೆ ಚಟುವಟಿಕೆ ಎಂಬ ಹೆಸರು ದೊಡ್ಡದಾಯಿತು. ಅದಕ್ಕೆ ಹೋಲಿಸಿದರೆ ಅಜ್ಜ ಅಜ್ಜಿಯರನ್ನು ಶಾಲೆಗೆ ಕರೆಸಿದ ದಿನ ಚೆನ್ನಾಗಿತ್ತು. ನಮ್ಮ ತಾಯಿ ರಾಗಿ ಬೀಸುವ ಕಲ್ಲನ್ನು ಆಟೋದಲ್ಲಿ ತೆಗೆದುಕೊಂಡು ಹೋಗಿ, ಬೀಸುವ ಪದ ಹೇಳುತ್ತಾ, ಮಕ್ಕಳಿಂದ ಸರದಿಯ ಮೇಲೆ ಗೂಟ ತಿರುಗಿಸಿದರು. ಒಂದು ಪಾವು ರಾಗಿ ಹಿಟ್ಟಾಗಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಗಡಿಯಾರ ನೋಡಿ ಬರೆದದ್ದೂ ಅಂದೇ.

ಡಿಸೆಂಬರಿನಲ್ಲಿ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೋದದ್ದನ್ನು ನಾನು ಅರ್ಧ ಮೆಚ್ಚುತ್ತೇನೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆಂದು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ ಅದು, ದಕ್ಷಿಣದ ಜಲಿಯನ್‌ವಾಲಾಬಾಗ್ ಎಂದು ಅದನ್ನು ಕರೆಯುವ ರೂಢಿಯಿದೆ. ಇಷ್ಟು ಚಿಕ್ಕವರಿಗೆ ಸಾವಿನ ಕಥೆ ಬೇಡ ಎಂದು ಕೆಲವು ಪೋಷಕರು ಮೊದಲೇ ಆಕ್ಷೇಪಿಸಿದ್ದರು. ಗೂಡಿನೊಳಗಿನ ಹುಳುವಿನ ಪ್ರಶ್ನೆಯನ್ನು ಎದುರಿಸಿದ್ದ ಅದೇ ಶಿಕ್ಷಕಿ ಇಲ್ಲಿಯೂ ಇದ್ದರು, ಬಾವುಟ ಹಾರಿಸುವುದು ಏಕೆ ತಪ್ಪಾಗಿತ್ತು ಎಂಬ ಪ್ರಶ್ನೆಯಿಂದ ಹಿಂದಿನ ದಿನವೇ ಆರಂಭಿಸಿದ್ದರು. ಆದರೆ ಅಲ್ಲಿ ದೇವಸ್ಥಾನದ ನಾಗರಕಲ್ಲುಗಳ ಸಾಲು, ಪಿನಾಕಿನಿಯ ದಂಡೆ, ಹುತಾತ್ಮರ ಸ್ಮಾರಕ, ಊಟ ಎಲ್ಲವನ್ನೂ ಎರಡೂವರೆ ಗಂಟೆಯಲ್ಲಿ ಮುಗಿಸುವ ಆತುರದಲ್ಲಿ ಮಕ್ಕಳಿಗೆ ಯಾವುದು ಯಾವ ಕಾಲದ್ದು ಎಂಬುದೇ ಕಲಸಿಹೋಯಿತು. ವಿದುರ ಅಲ್ಲಿ ಅಶ್ವತ್ಥ ನೆಟ್ಟದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವೆ ಎಷ್ಟು ವರ್ಷ ಎಂದು ಮಗಳು ನನ್ನನ್ನು ಕೇಳಿದಳು. ಮಹಾಭಾರತಕ್ಕೆ ಇಸವಿ ಹೇಳಲಾರದೆ ನಾನು ಮಾತು ಮರೆಸಿದೆ.

ಯೋಜನಾ ಕಾರ್ಯಗಳ ವಿಷಯದಲ್ಲಿ ಶಾಲೆಯಷ್ಟೇ ತಪ್ಪು ನಮ್ಮದೂ ಇದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಸೌರಮಂಡಲದ ಮಾದರಿ ಮಾಡಿಕೊಂಡು ಬರಬೇಕು ಎಂಬ ಒಂದು ಸಾಲಿನ ಸೂಚನೆ ಶುಕ್ರವಾರ ಸಂಜೆ ಬಂತು, ಸೋಮವಾರ ಒಪ್ಪಿಸಬೇಕಿತ್ತು. ಬಸ್ ನಿಲ್ದಾಣದ ಬಳಿಯ ಸ್ಟೇಷನರಿ ಅಂಗಡಿಗೆ ಹೋದರೆ ಅಲ್ಲಿ ನನ್ನಂಥವರೇ ಐದಾರು ಜನ ಥರ್ಮಾಕೋಲ್ ಚೆಂಡುಗಳಿಗಾಗಿ ಕಾಯುತ್ತಿದ್ದೆವು. ನೂರೈವತ್ತು ರೂಪಾಯಿ ಹೆಚ್ಚಿಗೆ ಕೊಟ್ಟರೆ ಬಣ್ಣ ಬಳಿದ ಸಿದ್ಧ ಮಾದರಿಯೂ ಇತ್ತು. ರಾತ್ರಿ ಹನ್ನೊಂದೂವರೆಗೆ ನಾನು ಶನಿಗೆ ಬಳೆ ಅಂಟಿಸುತ್ತಿದ್ದೆ, ಯೋಜನೆ ಮಾಡಬೇಕಾದವಳು ನಿದ್ರೆ ಹೋಗಿದ್ದಳು. ಸಿದ್ಧ ಮಾದರಿಗಳಿಗೆ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಎ ಪ್ಲಸ್ ಬಂತು, ನನ್ನ ಶನಿಗೆ ಎ ಬಂತು, ನಿಂಬೆಹಣ್ಣು, ಬಟಾಣಿ, ರಾಗಿಕಾಳುಗಳನ್ನು ತಾನೇ ರಟ್ಟಿನ ಮೇಲೆ ಜೋಡಿಸಿಕೊಂಡು ಬಂದ ಹುಡುಗನಿಗೆ ಬಿ ಪ್ಲಸ್. ಪೋಷಕರ ಸಭೆಯಲ್ಲಿ ಇದನ್ನು ಎತ್ತಿದೆವು. ಎರಡನೇ ಅವಧಿಯಿಂದ ಯೋಜನೆಗಳನ್ನು ಶಾಲೆಯ ಹೊತ್ತಿನಲ್ಲೇ, ಮನೆಯಲ್ಲಿ ಸಿಗುವ ವಸ್ತುಗಳಿಂದ ಮಾಡಿಸುವುದೆಂದು ಒಪ್ಪಿ, ಮಾತಿನಂತೆ ನಡೆದುಕೊಂಡರು. ಈ ಒಂದು ವಿಷಯದಲ್ಲಿ ಆಡಳಿತ ಮಂಡಳಿಗೆ ಪೂರ್ಣ ಅಂಕ ಕೊಡುತ್ತೇನೆ.

ಆ ಬದಲಾವಣೆಯ ಫಲವೇ ಜನವರಿಯ ಮಕ್ಕಳ ಸಂತೆ. ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ ಹೊಸದೇನಲ್ಲ, ಅಲ್ಲಿ ಬಹಳ ವರ್ಷಗಳಿಂದ ಖರ್ಚಿಲ್ಲದೆ ಚೆನ್ನಾಗಿ ನಡೆಯುತ್ತಿದೆ. ಅವರೆಕಾಯಿಯ ಕಾಲವಾದ್ದರಿಂದ ಅರ್ಧ ಸಂತೆ ಅವರೆಕಾಯಿಯದ್ದೇ, ಇದುಕಿದ ಬೇಳೆಗೆ ಕಾಯಿಗಿಂತ ಏಕೆ ಹೆಚ್ಚು ಬೆಲೆ ಎಂದು ಮಕ್ಕಳು ಗಿರಾಕಿಗಳಿಗೆ ಸಮಜಾಯಿಷಿ ಕೊಡುತ್ತಿದ್ದರು. ನನ್ನ ಮಗಳು ಸೇವಂತಿಗೆ ಹೂವಿನ ಅಂಗಡಿ ಹಾಕಿದಳು. ಕಟ್ಟಿದ ಹೂವನ್ನು ಮೊಳದ ಲೆಕ್ಕದಲ್ಲಿ ಮಾರುತ್ತಿದ್ದಾಗ, ಒಬ್ಬ ತಾಯಿ ಬಂದು, “ಇದೇನಮ್ಮ, ನಿನ್ನ ಮೊಳ ಇಷ್ಟು ಗಿಡ್ಡ” ಎಂದು ಜಗಳ ತೆಗೆದರು. ಶಿಕ್ಷಕಿ ವ್ಯಾಪಾರ ನಿಲ್ಲಿಸಿ ಟೇಪು ತಂದರು. ಮಗಳ ಮೊಳ 33 ಸೆಂಟಿಮೀಟರ್, ಆ ತಾಯಿಯದು 44, ಗೇಟಿನ ಬಳಿ ನಿಂತಿದ್ದ ನಿಜವಾದ ಹೂವಾಡಗಿತ್ತಿಯದು 46. ಹಾಗಾದರೆ ಯಾರ ಮೊಳಕ್ಕೆ ಯಾವ ಬೆಲೆ ನ್ಯಾಯ ಎಂದು ಅಲ್ಲೇ ಪಂಚಾಯಿತಿ ನಡೆಯಿತು. ಮಗಳು ಇಪ್ಪತ್ತು ರೂಪಾಯಿಯ ಮೊಳವನ್ನು ಹದಿನಾಲ್ಕಕ್ಕೆ ಇಳಿಸಿದಳು. ಸೆಂಟಿಮೀಟರ್ ಎಂಬ ಅಳತೆ ಏಕೆ ಬೇಕಾಯಿತು ಎಂಬ ಪಾಠವನ್ನು ಫೆಬ್ರವರಿಯಲ್ಲಿ ಮಾಡಬೇಕೆಂದು ಯೋಜಿಸಿದ್ದರಂತೆ, ಮಾಡುವ ಅಗತ್ಯವೇ ಬೀಳಲಿಲ್ಲ.

ಅತಿ ದೊಡ್ಡ ದೂರು ಕೊನೆಯ ಸಂಚಾರದ್ದು. ‘ವಿಜ್ಞಾನ ಮತ್ತು ಮನರಂಜನೆ’ ಎಂದು ಹೆಸರಿಟ್ಟು ಮಕ್ಕಳನ್ನು ಬೆಂಗಳೂರಿನ ಕಡೆಯ ಒಂದು ಮನರಂಜನಾ ಉದ್ಯಾನಕ್ಕೆ ಕರೆದೊಯ್ದರು. ಬೆಳಿಗ್ಗೆ ಆರಕ್ಕೆ ಹೊರಟ ಬಸ್ಸು ರಾತ್ರಿ ಒಂಬತ್ತೂವರೆಗೆ ಬಂತು. ಟ್ರಾಫಿಕ್ಕಿನಲ್ಲಿ ಸಿಲುಕಿದ್ದಾಗ ಒಂದು ಫೋನ್ ಕರೆಯನ್ನೂ ಯಾರೂ ಎತ್ತಲಿಲ್ಲ, ಗೇಟಿನ ಬಳಿ ಮೂವತ್ತು ಮನೆಯವರು ಒಂದೂವರೆ ಗಂಟೆ ನಿಂತಿದ್ದೆವು. ಮಕ್ಕಳಿಗೆ ಖುಷಿಯಾಯಿತೇ ಎಂದರೆ ಬಹಳ ಖುಷಿಯಾಯಿತು, ಆಗಲೇಬೇಕು, ನೀರಿನಾಟ ಯಾವ ಮಗುವಿಗೆ ಬೇಡ? ಆದರೆ ಒಟ್ಟು 5,800ರಲ್ಲಿ ಅದೊಂದಕ್ಕೇ 1,900 ರೂಪಾಯಿ ಹೋಗಿದೆ, ರೇಷ್ಮೆಯ ಇಡೀ ದಿನಕ್ಕೆ ತಲಾ 260 ಖರ್ಚಾಗಿತ್ತು. ಅದನ್ನು ಪ್ರವಾಸ ಎಂದು ಕರೆದು, ಬೇಕಾದವರಿಂದ ಮಾತ್ರ ಹಣ ಪಡೆದಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ.

ಈ ಹಣದ ಲೆಕ್ಕವನ್ನು ನಾನು ಹೀಗೆ ಹಿಡಿದು ಕೂರಲು ಇನ್ನೊಂದು ಕಾರಣವಿದೆ. ತರಗತಿಯ ಒಟ್ಟು ನಲವತ್ತೇಳು ಮಕ್ಕಳಲ್ಲಿ ಐವರ ಮನೆಯವರು ಹೊರಕಲಿಕೆಯ ಶುಲ್ಕ ಕಟ್ಟಿರಲಿಲ್ಲ. ಸಂಚಾರದ ದಿನ ಆ ಐವರನ್ನು ಮೂರನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಿಸುತ್ತಿದ್ದರು. ಮರುದಿನ ತಂಡಗಳಲ್ಲಿ ಸೇರಿಸಿಕೊಳ್ಳುತ್ತಿದ್ದರಾದರೂ, ಹುಳು ಮನೆ ನೋಡದ ಮಗು ಹುಳು ಮನೆಯ ಚಿತ್ರ ಬರೆಯಲು ಪಕ್ಕದವರ ಹಾಳೆ ನೋಡಬೇಕಾಗುತ್ತದೆ. ಉದ್ಯಾನದ 1,900 ಇಲ್ಲದಿದ್ದರೆ ಉಳಿದದ್ದನ್ನು ಆ ಐದು ಮನೆಯವರೂ ಕಂತಿನಲ್ಲಿ ಕಟ್ಟುತ್ತಿದ್ದರು ಎಂದು ಅವರಲ್ಲೇ ಒಬ್ಬರು ನನ್ನೊಡನೆ ಹೇಳಿದ್ದಾರೆ.

ಮಕ್ಕಳನ್ನು ಸೇರಿಸಲು ಯೋಚಿಸುತ್ತಿರುವವರಿಗೆ ಬೇಕಾದ ಇನ್ನಷ್ಟು ವಿವರಗಳು: ಬಸ್ಸು ಶಾಲೆಯದ್ದೇ, ಚಾಲಕ ನಿಧಾನಸ್ಥರು. ನಲವತ್ತೆರಡು ಮಕ್ಕಳಿಗೆ ಇಬ್ಬರು ಶಿಕ್ಷಕಿಯರು, ಒಬ್ಬ ಆಯಾ. ಕೆರೆಯಂಥ ಜಾಗಕ್ಕೆ ಇಷ್ಟು ಜನ ಸಾಲದು, ಆದ್ದರಿಂದಲೇ ಪೋಷಕರನ್ನು ಕರೆಯುತ್ತಾರೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರುತ್ತದೆ. ಶೌಚಾಲಯದ ವ್ಯವಸ್ಥೆಯನ್ನು ಮಾತ್ರ ಅಲ್ಲಿಗೆ ಹೋದ ಮೇಲೆ ಹುಡುಕುತ್ತಾರೆ. ಕಂದವಾರದಲ್ಲಿ ಹೆಣ್ಣುಮಕ್ಕಳು ಬಾಟಲಿಯ ನೀರು ಕುಡಿಯದೆ ಹಾಗೇ ವಾಪಸ್ಸು ತಂದಿದ್ದರು, ಕಾರಣ ಇದೇ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಈ ಒಂದು ಪ್ರಶ್ನೆಯನ್ನು ಪ್ರತಿ ಸಲವೂ ಕೇಳಿ.

ಮುಂದಿನ ವರ್ಷದ ಅರ್ಜಿಯಲ್ಲಿ ಸಂಚಾರಗಳನ್ನು ಬೇರೆ ಬೇರೆಯಾಗಿ ಆರಿಸಿಕೊಳ್ಳುವ ಅವಕಾಶ ಇಲ್ಲ, ಎಲ್ಲಕ್ಕೂ ಸೇರಿ 6,200 ಎಂದಿದೆ. ನಾನು ಅರ್ಜಿಯ ಕೆಳಗೆ ಉದ್ಯಾನದ ಸಂಚಾರ ಬೇಡವೆಂದು ಬರೆದು, ಉಳಿದ ಹಣವನ್ನು ಕಟ್ಟುವುದಾಗಿ ಸಹಿ ಮಾಡಿ ಕೊಟ್ಟೆ. ಕಚೇರಿಯವರು ತೆಗೆದುಕೊಳ್ಳಲಿಲ್ಲ, ಮುಖ್ಯ ಶಿಕ್ಷಕಿ ತೆಗೆದುಕೊಂಡು ‘ನೋಡೋಣ’ ಎಂದಿದ್ದಾರೆ. ಹೊರಡುವಾಗ ನಾಲ್ಕನೇ ತರಗತಿಯ ಶಿಕ್ಷಕಿ ಎದುರು ಸಿಕ್ಕು, ಈ ಸಲದ ಮಕ್ಕಳಿಗೂ ಚಂದ್ರಿಕೆ ಬೇಕಾಗುತ್ತದೆ, ಸಾಧ್ಯವಾದರೆ ಎರಡು ಕೊಡಿ ಎಂದರು. ಸೊಳ್ಳೆ ಕ್ರೀಮಿನ ಸಾಲನ್ನು ಸುತ್ತೋಲೆಯಿಂದ ಈಗಲೇ ತೆಗೆಸಿ ಎಂದು ನಾನೂ ನೆನಪಿಸಿದೆ.